ಮಾಬುಬಿಯ ಹತ್ತು ಹೂವು

ಗುಳೇದಗುಡ್ಡದ ಆ ಓಣಿಯಲ್ಲಿ ಯಾರಾದರೂ ಬಡಾಯಿ ಕೊಚ್ಚಿದರೆ ಜನ ಜಗಳ ಆಡುವುದಿಲ್ಲ, ಸಾಕ್ಷಿಯನ್ನೂ ಕೇಳುವುದಿಲ್ಲ. “ಬಿಡಲೇ, ಅದೂ ಮಾಬುಬಿ ಹತ್ತು ಹೂವು” ಅಂದು ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಾರೆ. ಬಾದಾಮಿ ಗುಡ್ಡದಲ್ಲಿ ಹುಲಿ ನೋಡಿದೆ ಅಂದವನಿಗೂ ಅದೇ ಉತ್ತರ, ನೂರಕ್ಕೆ ನೂರು ಅಂಕ ಬಂತು ಅಂದವನಿಗೂ ಅದೇ ಉತ್ತರ.

ಮಾಬುಬಿ ಎಂದೋ ಸತ್ತುಹೋದ ಮುದುಕಿಯಲ್ಲ. ಅದೇ ಓಣಿಯ ಮೂರನೇ ಮನೆಯ ಕಟ್ಟೆಯ ಮೇಲೆ ದಿನವೂ ಕೂತಿರುತ್ತಾಳೆ. ಎಂಬತ್ತು ಹತ್ತಿರ ಬಂದಿದೆ, ಕಣ್ಣಿಗೆ ಪೊರೆ ಬಂದಿದೆ, ಆದರೆ ಕಿವಿ ಇನ್ನೂ ಇಪ್ಪತ್ತರದ್ದು. ಯಾರು ಯಾವ ಮೂಲೆಯಲ್ಲಿ ಆ ಮಾತು ಅಂದರೂ ಅವಳಿಗೆ ಕೇಳುತ್ತದೆ. ಆಗ ಅವಳು ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, ಬೀದಿಗೇ ಹೇಳಿದಂತೆ, “ನಾ ನೇದೇನಿ. ಈ ಕೈಲೇ ನೇದೇನಿ” ಅನ್ನುತ್ತಾಳೆ. ಯಾರೂ ಓಗೊಡುವುದಿಲ್ಲ.

ಅವಳು ಹೇಳುವುದು ಇಷ್ಟೇ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ, ಅವಳ ಅತ್ತೆ ಹಾಸು ಹಾಕಿಕೊಟ್ಟಳು, ಅಂದರೆ ಮಗ್ಗದ ಉದ್ದ ಎಳೆಗಳನ್ನು ಎಣಿಸಿ ಜೋಡಿಸಿಕೊಟ್ಟಳು. ಮಾಬುಬಿ ಅದರ ಮೇಲೆ ಒಂದು ಕುಬಸದ ಖಣ ನೇಯ್ದಳು. ಅದರಲ್ಲಿ ಹತ್ತು ಸಾಲು ಹೂವು. ಮೊದಲ ಸಾಲಿನ ಹೂವು ಒಂದು ಎಳೆಯಷ್ಟು ಅಗಲ, ಸುಮ್ಮನೆ ಒಂದು ಚುಕ್ಕಿ. ಎರಡನೆಯದು ಎರಡು ಎಳೆ, ಮೂರನೆಯದು ಮೂರು, ಹೀಗೆ ಹತ್ತನೆಯದು ಹತ್ತು ಎಳೆ. ಹತ್ತು ಸಾಲಿನಲ್ಲೂ ಒಂದೇ ಒಂದು ಅರ್ಧ ಹೂವಿಲ್ಲ. ಎಡ ಅಂಚಿನಲ್ಲಿ ಶುರುವಾದದ್ದು ಬಲ ಅಂಚಿನಲ್ಲಿ ಪೂರಾ ಹೂವಾಗಿಯೇ ಮುಗಿಯಿತು. ಆ ಖಣ ಕಮತಗಿಯ ಯಾವುದೋ ಮದುವೆಯಲ್ಲಿ ಉಡಿ ತುಂಬಲು ಹೋಯಿತು. ಹೋದದ್ದು ಹೋಯಿತು, ಮತ್ತೆ ಯಾರೂ ಕಾಣಲಿಲ್ಲ.

ಅರ್ಧ ಹೂವಿನ ಖಣವನ್ನು ಆ ಓಣಿಯಲ್ಲಿ ಉಡಿ ತುಂಬಲು ಕೊಡುವುದಿಲ್ಲ. ಹೂವು ಮುರಿದರೆ ಮನೆ ಮುರಿಯುತ್ತದೆ ಅನ್ನುತ್ತಾರೆ. ಅದಕ್ಕೇ ನೇಕಾರರು ಒಂದು ಹಾಸಿನ ಮೇಲೆ ಒಂದೇ ಅಳತೆಯ ಹೂವು ಇಡುತ್ತಾರೆ, ಬಹಳವಾದರೆ ಎರಡು. ಹತ್ತು ಅಂದರೆ ನಗುತ್ತಾರೆ.

ಮಾಬುಬಿಯ ಸೊಸೆ ಸುಲ್ತಾನಾ ಮಾತ್ರ ನಗಲಿಲ್ಲ. ಹತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಲೆಕ್ಕ ಅಂದರೆ ಹಸಿವು ಮರೆಯುವ ಹೆಂಗಸು. ಮಗ್ಗ ಕಲಿತದ್ದು ಈ ಅತ್ತೆಯ ಕೈಯಲ್ಲೇ. ಅತ್ತೆ ಬೈದರೆ ಬೈಯಲಿ, ಆದರೆ ಓಣಿಯ ಜನ ಅತ್ತೆಯ ಹೆಸರನ್ನು ಸುಳ್ಳಿಗೆ ಇಟ್ಟುಕೊಂಡದ್ದು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಹೋದ ವರ್ಷ ಗುಟ್ಟಾಗಿ ಹತ್ತು ಹೂವಿಗೆ ಕೈ ಹಾಕಿದ್ದಳು. ಎರಡು ಸಾವಿರದ ನಾಲ್ಕುನೂರು ಎಳೆಯ ಹಾಸು. ಆರನೇ ಸಾಲಿನ ತನಕ ಎಲ್ಲ ಬೆಣ್ಣೆಯಂತೆ ಬಂತು. ಏಳನೇ ಸಾಲಿಗೆ ಬಲ ಅಂಚಿನಲ್ಲಿ ಆರೇ ಎಳೆ ಉಳಿದವು. ಒಂದು ಎಳೆ ಕಡಿಮೆ! ಆ ಬಟ್ಟೆಯನ್ನು ಮಡಿಚಿ ಟ್ರಂಕಿನ ತಳಕ್ಕೆ ತಳ್ಳಿದಳು.

ಈ ವರ್ಷ ನೇಕಾರರ ಸಂಘದ ಕಾರ್ಯದರ್ಶಿ ದುಂಡೇಶ ಬಂದು ಇನ್ನು ಇಪ್ಪತ್ತು ದಿನಕ್ಕೆ ಬಾಗಲಕೋಟೆಯಲ್ಲಿ ಕೈಮಗ್ಗದ ಪ್ರದರ್ಶನ ಇದೆ ಅಂದ.

“ಇಳಕಲ್ಲಿನವರು ಸೀರಿ ತರ್ತಾರ, ಅವರ ಮೇಜಿನ ಮುಂದ ಜಾತ್ರಿ ಕೂಡ್ತೈತಿ. ನಮ್ಮ ಮೇಜಿಗೂ ಒಂದು ನಿಂತು ನೋಡೂವಂಥಾದ್ದು ಬೇಕು. ಏನರ ಐತೇನ್ರಿ ಅಕ್ಕಾ?”

ಸುಲ್ತಾನಾ ಒಂದು ಕ್ಷಣವೂ ಯೋಚಿಸಲಿಲ್ಲ. “ಹತ್ತು ಹೂವು ಐತಿ.”

ದುಂಡೇಶ ಮೊದಲು ಅವಳ ಮುಖ ನೋಡಿದ, ಆಮೇಲೆ ಕಟ್ಟೆಯ ಮೇಲಿದ್ದ ಮುದುಕಿಯನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಆತ್ರಿ ಅಕ್ಕಾ! ಮುಗದಿದ್ರ ನಟ್ಟನಡಕ ಇಡ್ತೇನಿ. ಕಟ್ಟಿ ಮ್ಯಾಲಿನ ಆಯಿನ್ನೂ ಜೀಪಿನ್ಯಾಗ ಕೂಡಿಸ್ಕೊಂಡು ಹೋಗ್ತೇನಿ. ಮುಗೀಲಿಲ್ಲಂದ್ರ ನಮಗೇನು, ಹಳೇ ಮಾತು ಇದ್ದ ಐತಿ.”

ಕಟ್ಟೆಯ ಮೇಲೆ ಮಾಬುಬಿಯ ಎಲೆ ಅಡಿಕೆ ಕುಟ್ಟುವ ಸದ್ದು ನಿಂತಿತು.

ಆಡಿದ ಮಾತು ಬಿಟ್ಟ ಬಾಣ. ಸುಲ್ತಾನಾ ಅಂದೇ ಸೀಮೆಸುಣ್ಣ ಹಿಡಿದು ಮಗ್ಗದ ಹಿಂದಿನ ಗೋಡೆಯ ಮುಂದೆ ನಿಂತಳು. ಒಂದರಿಂದ ಹತ್ತರ ತನಕ ಎಲ್ಲ ಅಂಕಿಯೂ ಶೇಷವಿಲ್ಲದೆ ಭಾಗಿಸುವ ಒಂದು ಸಂಖ್ಯೆ ಬೇಕು. ಏನು ಮಹಾ, ಹತ್ತನ್ನೂ ಗುಣಿಸಿಬಿಟ್ಟರೆ ಆಯಿತಲ್ಲ! ಮೊಬೈಲಿನಲ್ಲಿ ಗುಣಿಸಿದಳು. ಮೂವತ್ತಾರು ಲಕ್ಷದ ಇಪ್ಪತ್ತೆಂಟು ಸಾವಿರದ ಎಂಟುನೂರು ಬಂತು. ಇಂಚಿಗೆ ಎಂಬತ್ತು ಎಳೆ ಅವರ ಮಗ್ಗದ ಲೆಕ್ಕ. ಭಾಗಿಸಿ ನೋಡಿದರೆ ಖಣದ ಅಗಲ ಒಂದು ಕಿಲೋಮೀಟರು ದಾಟಿತು.

ಅಷ್ಟರಲ್ಲಿ ಎದುರು ಮನೆಯ ಶಾರವ್ವ ಒಳಗೆ ಬಂದಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು, ಹಾಸು ಹಾಕುವಾಗ ಒಬ್ಬರಿಗೊಬ್ಬರು ಕೈ ಕೂಡಿಸುವವರು. ಕಿಲೋಮೀಟರಿನ ಸುದ್ದಿ ಕೇಳಿ ಅವಳು ಗೋಡೆಗೆ ಒರಗಿ ನಕ್ಕಳು.

“ಅಯ್ಯ ಹುಚ್ಚಿ! ಆ ಕುಬಸ ತೊಡೂವಾಕಿ ಎಂಥಾಕಿ ಇರ್ಬೇಕ? ನಿನ್ನ ಮಗ್ಗದ ಒಂದು ಗೂಟ ಇಲ್ಲಿ, ಇನ್ನೊಂದು ಬಸ್ ಸ್ಟ್ಯಾಂಡಿನ್ಯಾಗ!”

ನಗು ಮುಗಿದ ಮೇಲೆ ಶಾರವ್ವ ಬಂದ ಕೆಲಸ ನೆನಪಾಗಿ ಸೆರಗಿನೊಳಗಿಂದ ಒಂದು ಲಗ್ನಪತ್ರಿಕೆ ತೆಗೆದಳು. ಅವಳ ಅಣ್ಣನ ಮಗಳ ಮದುವೆ. ಸುಲ್ತಾನಾ ಪತ್ರಿಕೆ ತಿರುಗಿಸಿ ನೋಡಿ, ಅತ್ತೆ ಕೂತ ಕಟ್ಟೆಯ ಕಡೆ ಕೈ ತೋರಿಸಿ, “ನಮ್ಮ ಅಮ್ಮಗ ಬ್ಯಾರೆ ಇಲ್ಲೇನ? ನನ್ನ ಮಗ್ಳಿಗೆ?” ಅಂತ ಛೇಡಿಸಿದಳು.

“ತಲಿಗೊಂದು ಕೊಡಾಕ ನಾ ಏನು ಛಾಪಖಾನಿ ಇಟ್ಟೇನೇನ? ಮನಿಗೊಂದ ಪತ್ರಿಕಿ. ಹಿರಿಯಾರಿಗೆ ಕೊಟ್ರ ಮನಿಮಂದಿ ತಾವ ಬರ್ತಾರ.”

ಸುಲ್ತಾನಾಳ ಕೈಯಲ್ಲಿದ್ದ ಪತ್ರಿಕೆ ಜಾರಿ ನೆಲಕ್ಕೆ ಬಿತ್ತು.

“ಏನಂದಿ?”

“ಮನಿಗೊಂದ ಪತ್ರಿಕಿ ಅಂದೆ. ಯಾಕ, ಸಿಟ್ಟ ಬಂತೇನ?”

ಸಿಟ್ಟೆಲ್ಲಿ ಬಂತು! ಸುಲ್ತಾನಾ ಗೋಡೆಗೆ ಹಾರಿದಳು ಅಂತಲೇ ಹೇಳಬೇಕು. “ಶಾರವ್ವಾ, ನೋಡಿಲ್ಲೆ! ಎಂಟು ಅಂದ್ರ ಹಿರಿಯಾ. ಅವನ ಮನ್ಯಾಗ ನಾಕು ಐತಿ, ಎರಡು ಐತಿ. ಎಂಟಕ್ಕ ಪತ್ರಿಕಿ ಕೊಟ್ರ ನಾಕು, ಎರಡು ತಾವ ಬರ್ತಾವ. ನಾ ಎಲ್ಲಾರಿಗೂ ಬ್ಯಾರೆ ಬ್ಯಾರೆ ಕೊಟ್ಟು ಕಿಲೋಮೀಟರ್ ಮಾಡ್ಕೊಂಡೆ!” ಗೋಡೆಯ ಮೇಲಿನ ನಾಲ್ಕನ್ನೂ ಎರಡನ್ನೂ ಅಳಿಸಿದಳು. “ಒಂಬತ್ತಕ್ಕ ಕೊಟ್ರ ಮೂರು ಬರ್ತೈತಿ.” ಮೂರನ್ನೂ ಅಳಿಸಿದಳು.

ಶಾರವ್ವನಿಗೂ ಹುರುಪು ಬಂತು. “ಆರು?”

“ಎಂಟರ ಮನಿಯಿಂದ ಎರಡು ಬಂದೇತಿ, ಒಂಬತ್ತರ ಮನಿಯಿಂದ ಮೂರು ಬಂದೇತಿ. ಎರಡ ಮೂರಲೇ ಆರು. ಅದಕ್ಕೂ ಬ್ಯಾಡ!”

“ಐದು?”

“ಐದು ಒಂಟಿ, ಕರೀಲೇಬೇಕು. ಅದು ಬಂದ್ರ ಎರಡರ ಜೋಡಿ ಕೂಡಿ ಹತ್ತು ಆತು. ಏಳು…” ಸುಲ್ತಾನಾ ಏಳರ ಸುತ್ತ ಒಂದು ದೊಡ್ಡ ಸುತ್ತು ಎಳೆದಳು. “ಈ ಏಳು ಭಾಳ ಖೋಡಿ. ಯಾರ ಮನ್ಯಾಗೂ ಇಲ್ಲ, ಯಾರ ಜೋಡಿನೂ ಬರೂದಿಲ್ಲ. ಹೋದ ವರ್ಷ ಇದಕ್ಕ ಪತ್ರಿಕಿ ಮುಟ್ಟಿದ್ದಿಲ್ಲ, ಅದಕ್ಕ ಸಿಟ್ಟಾಗಿ ನನ್ನ ಹೂವು ಮುರೀತು.”

ನಾಲ್ಕೇ ಪತ್ರಿಕೆ ಉಳಿದವು. ಎಂಟು, ಒಂಬತ್ತು, ಐದು, ಏಳು. ಎಂಟೊಂಬತ್ತಲೇ ಎಪ್ಪತ್ತೆರಡು. ಎಪ್ಪತ್ತೆರಡೈದಲೇ ಮುನ್ನೂರ ಅರವತ್ತು. ಮುನ್ನೂರ ಅರವತ್ತೇಳಲೇ ಎರಡು ಸಾವಿರದ ಐನೂರ ಇಪ್ಪತ್ತು!

ಮೂವತ್ತಾರು ಲಕ್ಷ ಎಲ್ಲಿ, ಎರಡೂವರೆ ಸಾವಿರ ಎಲ್ಲಿ! ಎಂಬತ್ತರಿಂದ ಭಾಗಿಸಿದಳು. ಮೂವತ್ತೊಂದೂವರೆ ಇಂಚು. ಓಡಿಹೋಗಿ ಮಗ್ಗದ ಹಣಿಗೆಯನ್ನು, ಅಂದರೆ ಎಳೆಗಳನ್ನು ಸಾಲಾಗಿ ಹಿಡಿದಿಡುವ ಬಾಚಣಿಕೆಯಂಥದ್ದನ್ನು, ಟೇಪಿನಿಂದ ಅಳೆದಳು. ಮೂವತ್ಮೂರು ಇಂಚು! ಹಿಡಿಸುತ್ತದೆ. ದೇವರೇ ಅಳತೆ ಹಿಡಿದು ಮಾಡಿದ ಹಾಗೆ ಹಿಡಿಸುತ್ತದೆ. ಏಳು ಎಳೆಯ ಹೂವು ಮುನ್ನೂರ ಅರವತ್ತು, ಎಂಟರದ್ದು ಮುನ್ನೂರ ಹದಿನೈದು, ಒಂಬತ್ತರದ್ದು ಇನ್ನೂರ ಎಂಬತ್ತು, ಹತ್ತರದ್ದು ಇನ್ನೂರ ಐವತ್ತೆರಡು. ಎಲ್ಲೂ ಚೂರು ಉಳಿಯುವುದಿಲ್ಲ. ಇದಕ್ಕಿಂತ ಒಂದೇ ಒಂದು ಎಳೆ ಕಡಿಮೆಯಾದರೂ ಯಾರೋ ಒಬ್ಬರು ಮುನಿಸಿಕೊಳ್ಳುತ್ತಾರೆ. ಹತ್ತೂ ಜನಕ್ಕೆ ಸರಿಯಾಗಿ ಬಡಿಸುವ ಎಲ್ಲಕ್ಕಿಂತ ಸಣ್ಣ ಸಂಖ್ಯೆ ಇದು. ಸುಲ್ತಾನಾ ಶಾರವ್ವನ ಎರಡೂ ಕೈ ಹಿಡಿದು ಮಗ್ಗದ ಕೋಣೆಯಲ್ಲಿ ಗಿರಗಿರ ತಿರುಗಿದಳು. ನಲವತ್ತು ದಾಟಿದ ಹೆಂಗಸರು, ಕುಂಟಾಬಿಲ್ಲೆ ಆಡುವ ಹುಡುಗಿಯರಂತೆ!

“ಅಮ್ಮಾ, ಸಿಕ್ತು! ನಿಮ್ಮ ಹತ್ತು ಹೂವು ಖರೆ ಆಗ್ತಾವ!” ಅಂತ ಅಲ್ಲಿಂದಲೇ ಕೂಗಿದಳು.

“ಖರೆ ಆಗೂದೇನು? ಖರೇನ ಅದಾವ,” ಕಟ್ಟೆಯ ಮೇಲಿಂದ ಉತ್ತರ ಬಂತು.

ಒಂದೇ ಒಂದು ಹಾಸು ಆಗುವಷ್ಟು ಕೆಂಪು ರೇಷ್ಮೆ ಮನೆಯಲ್ಲಿತ್ತು. ಅದೇ ಬಣ್ಣ ಮತ್ತೆ ಸಿಗಬೇಕೆಂದರೆ ತಿಂಗಳು ಕಾಯಬೇಕು. ಎರಡು ದಿನದ ಮೇಲೆ ಹಾಸು ಹಾಕಲು ಕೂತರು. ಆ ಓಣಿಯ ರೂಢಿಯಂತೆ ನಲವತ್ತು ಎಳೆಗೆ ಒಂದು ಕಟ್ಟು. ಅರವತ್ಮೂರು ಕಟ್ಟಾದರೆ ಲೆಕ್ಕ ಸರಿ. ಸುಲ್ತಾನಾ ನೂಲು ಬಿಡುತ್ತ ಗೂಟದಿಂದ ಗೂಟಕ್ಕೆ ಓಡಾಡಿದಳು. ಎಣಿಸಿ ಕಟ್ಟುವ ಕೆಲಸಕ್ಕೆ ಬಲಗಡೆ ಶಾರವ್ವ ಕೂತಳು. ಎಡಗಡೆ ತಾನೇ ಕೂಡುತ್ತೇನೆ ಅಂತ ಮಾಬುಬಿ ಹಟ ಹಿಡಿದಳು. ಕಣ್ಣು ಕಾಣದಿದ್ದರೇನು, ಬೆರಳಿಗೆ ಎಳೆ ಕಾಣುತ್ತದೆ. ಸಂಜೆಗೆ ಶಾರವ್ವನದು ಮೂವತ್ತೆರಡು ಕಟ್ಟು, ಮುದುಕಿಯದು ಮೂವತ್ತೊಂದು. ಕೆಂಪು ರೇಷ್ಮೆ ಸುತ್ತಿದ್ದ ಕಂಡಿಕೆಗಳೆಲ್ಲ ಖಾಲಿ.

ಮಾರನೇ ದಿನ, ಎಳೆಗಳನ್ನು ಹಣಿಗೆಗೆ ಪೋಣಿಸುವ ಮೊದಲು, ಯಾಕೋ ಮನಸ್ಸು ತಡೆಯದೆ ಸುಲ್ತಾನಾ ಒಂದೊಂದಾಗಿ ಎಣಿಸಿದಳು. ಎರಡು ಸಾವಿರದ ಐನೂರ ಐವತ್ತೊಂದು. ಮತ್ತೆ ಎಣಿಸಿದಳು. ಮತ್ತೆ ಅದೇ. ಮೂವತ್ತೊಂದು ಎಳೆ ಹೆಚ್ಚು!

ಇರಲಿ, ಇದರಲ್ಲಿ ಯಾರಾದರೂ ಕೂಡುತ್ತಾರೇನೋ ನೋಡೋಣ ಅಂತ ಭಾಗಿಸಲು ಕೂತಳು. ಎರಡು ಹೋಗಲಿಲ್ಲ. ಮೂರು ಹೋಗಲಿಲ್ಲ. ಐದಕ್ಕೂ ಇಲ್ಲ, ಏಳಕ್ಕೂ ಇಲ್ಲ. ಸಿಟ್ಟಿಗೆದ್ದು ಹನ್ನೊಂದು, ಹದಿಮೂರು, ಹದಿನೇಳು ಅಂತ ಐವತ್ತರ ತನಕ ಹೋದಳು. ಒಂದಾದರೂ ಒಳಗೆ ಕಾಲಿಡಲಿಲ್ಲ. ಹತ್ತು ಜನಕ್ಕೂ ಬಡಿಸುವ ಮನೆ ಬಿಟ್ಟು, ಒಬ್ಬರಿಗೂ ಬಾಗಿಲು ತೆರೆಯದ ಮನೆಗೆ ಬಂದು ನಿಂತಿದ್ದಳು. ಎಂಥ ಜಿಪುಣ ಸಂಖ್ಯೆ! ಅವಳಿಗೆ ಅಳುವೇ ಬಂತು.

ಬರಬಾರದ ಹೊತ್ತಿಗೇ ದುಂಡೇಶ ಬಂದ. ಹಾಸು ನೋಡಿದ, ಗೋಡೆಯ ಮೇಲಿನ ಅಂಕಿ ನೋಡಿದ, ಸುದ್ದಿ ಕೇಳಿದ. “ನಾ ಹೇಳಲಿಲ್ಲೇನ್ರಿ ಅಕ್ಕಾ? ಇದು ಮಾಬುಬಿ ಹತ್ತು…” ಅಂದವನು ಮುದುಕಿ ಅಲ್ಲೇ ಕೂತದ್ದು ನೋಡಿ ನಾಲಿಗೆ ಕಚ್ಚಿಕೊಂಡ. ಆದರೆ ಅಷ್ಟರಲ್ಲಿ ಮುಕ್ಕಾಲು ಮಾತು ಬಾಯಿಂದ ಹೊರಬಿದ್ದಿತ್ತು. ಮಾಬುಬಿಯ ತಲೆ ಕೆಳಗಾಯಿತು. ಸುಲ್ತಾನಾಳಿಗೆ ಆ ತಲೆ ಕೆಳಗಾದದ್ದನ್ನು ನೋಡಲಾಗಲಿಲ್ಲ.

ಮೂವತ್ತೊಂದು ಹೆಚ್ಚು. ಮುದುಕಿ ಕಟ್ಟಿದ್ದು ಮೂವತ್ತೊಂದು ಕಟ್ಟು. ಥಟ್ಟನೆ ಹೊಳೆಯಿತು.

“ಅಮ್ಮಾ, ಒಂದು ಕಟ್ಟು ನನ್ನ ಮುಂದ ಎಣಸ್ರಿ.”

ಮಾಬುಬಿ ಮೊದಲ ಎಳೆಯಿಂದ ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. “ಬರಕತ್. ಒಂದು. ಎರಡು. ಮೂರು…”

“ತಡೀರಿ ತಡೀರಿ!” ಎಳೆ ಪೋಣಿಸಲು ಬಂದಿದ್ದ ಶಾರವ್ವ ನಡುವೆ ಬಾಯಿ ಹಾಕಿದಳು. “ಬರಕತ್ ಅಂದ ಮ್ಯಾಲೆ ಎರಡು ಅಲ್ಲೇನ್ರಿ ಆಯಿ? ನಮ್ಮ ಮನ್ಯಾಗ ಜ್ವಾಳ ಅಳೀವಾಗ ಒಂದು ಅನ್ನೂದಿಲ್ಲ. ಲಾಭ, ಎರಡು, ಮೂರು ಅಂತೇವಿ. ಲಾಭ ಅಂದ್ರನ ಒಂದು.”

“ನಿಮ್ಮ ಲಾಭ ನಿಮಗ ಇರ್ಲಿ. ಬರಕತ್ ಒಂದು ಹೆಂಗ ಆಗ್ತೈತಿ? ಅದು ಅಲ್ಲಾನ ಆಶೀರ್ವಾದ, ಅದನ್ನ ಯಾರರ ಲೆಕ್ಕಕ್ಕ ಹಿಡೀತಾರೇನ?”

ಹಾಗಾದರೆ ಶಾರವ್ವನ ಕಟ್ಟಿನಲ್ಲಿ ನಲವತ್ತು, ಮುದುಕಿಯ ಕಟ್ಟಿನಲ್ಲಿ ನಲವತ್ತೊಂದು! ಸುಲ್ತಾನಾ ನಿಟ್ಟುಸಿರು ಬಿಟ್ಟಳು. ಕೆಟ್ಟದ್ದೇನೂ ಇಲ್ಲ, ಪ್ರತಿ ಕಟ್ಟಿನ ಮೊದಲ ಎಳೆ ತೆಗೆದರೆ ಮುಗಿಯಿತು. ಕತ್ತರಿ ತೆಗೆದುಕೊಂಡಳು. ಮೊದಲ ಎಳೆಗೆ ಕತ್ತರಿ ತಾಗಿಸುವಷ್ಟರಲ್ಲಿ ಮುದುಕಿಯ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಎಂಬತ್ತರ ಕೈಯಲ್ಲಿ ಅಷ್ಟು ಜೋರು ಎಲ್ಲಿತ್ತೋ!

“ಬರಕತ್ ಕತ್ತರಸ್ತೀ? ಕತ್ತರಿಸಿ ದಡಿ ಎಲ್ಲಿಂದ ತರ್ತೀ?”

ದಡಿ!

ಸುಲ್ತಾನಾ ಹಣೆ ಹಣೆ ಬಡಿದುಕೊಂಡಳು. ಬಟ್ಟೆಯ ಎರಡು ಬದಿಗೂ ಗಟ್ಟಿ ದಡಿ ಇಲ್ಲದಿದ್ದರೆ ಎಳೆ ಬಿಚ್ಚಿ ಹೋಗುತ್ತವೆ ಅನ್ನುವುದು ನಿನ್ನೆ ಮೊನ್ನೆ ಮಗ್ಗಕ್ಕೆ ಕೂತವರಿಗೂ ಗೊತ್ತು. ದಡಿಯ ಮೇಲೆ ಹೂವು ಬರುವುದಿಲ್ಲ, ಆದರೆ ದಡಿಗೂ ಎಳೆ ಬೇಕು. ಪ್ರತಿ ಸಲ ಬೇರೆಯಾಗಿ ಹಾಕುವ ದಡಿಯನ್ನು ಈ ಸಲ ಸಂಖ್ಯೆಯ ಗುಂಗಿನಲ್ಲಿ ಮರೆತಿದ್ದಳು! ಎರಡು ಸಾವಿರದ ಐನೂರ ಇಪ್ಪತ್ತೂ ಹೂವಿಗೇ ಹೋಗಿತ್ತು.

ಮಾಬುಬಿ ಈಗ ಸಣ್ಣ ದನಿಯಲ್ಲಿ, ಹಾಸಿನ ಮೇಲೆ ಕೈಯಾಡಿಸುತ್ತ ಹೇಳಿದಳು: “ನಮ್ಮ ಅತ್ತಿ ಹಾಸು ಹಾಕಿದ ಮ್ಯಾಲೆ ಕಟ್ಟಿಗೊಂದು ಬರಕತ್ ಎಳಿ ಎತ್ತಿ ಬದಿಗೆ ಸರಸ್ತಿದ್ಲು. ಇತ್ಲಾಗ ಅರ್ಧ, ಅತ್ಲಾಗ ಅರ್ಧ. ಅದ ದಡಿ. ಬರಕತ್ ಒಳಗ ಇರೂದಿಲ್ಲ ಬೇಟಿ, ಹೊರಗ ನಿಂತು ಕಾಯ್ತೈತಿ.”

ಸುಲ್ತಾನಾ ಕತ್ತರಿ ಕೆಳಗಿಟ್ಟಳು. “ಅಮ್ಮಾ, ನಿಮ್ಮ ಆ ಹತ್ತು ಹೂವಿನ ಖಣದ ದಡ್ಯಾಗ ಎಷ್ಟು ಎಳಿ ಇದ್ವು? ನೆನಪೈತೇನ್ರಿ?”

“ನೆನಪಿಲ್ಲೇನ? ದಿನಾ ಕೈಲೇ ಬಿಗಿ ಮಾಡ್ತಿದ್ದೆ. ಎಡಕ್ಕ ಮೂವತ್ತೊಂದು, ಬಲಕ್ಕ ಮೂವತ್ತೆರಡು. ಎಡಗಡೆ ಒಂದು ಕಮ್ಮಿ ಯಾಕಂತ ಕೇಳಿ ಬೈಸ್ಕೊಂಡಿದ್ದೆ.”

ಸುಲ್ತಾನಾ ಬೆರಳು ಮಡಿಚಿ ಕೂಡಿದಳು. ಮೂವತ್ತೊಂದು, ಮೂವತ್ತೆರಡು. ಕೂಡಿದರೆ ಅರವತ್ಮೂರು. ಕಟ್ಟಿಗೊಂದರಂತೆ ಅರವತ್ಮೂರು ಕಟ್ಟು. ಕಟ್ಟಿಗೆ ನಲವತ್ತು. ಅರವತ್ಮೂರು ನಲವತ್ತಲೇ…

“ಎರಡು ಸಾವಿರದ ಐನೂರ ಇಪ್ಪತ್ತು!” ಸುಲ್ತಾನಾ ಕಿರುಚಿದಳು. “ದುಂಡೇಶಣ್ಣಾರ, ಕೇಳಿದ್ರಿಲ್ಲ? ಅರವತ್ಮೂರು ಕಟ್ಟು! ನಾ ಗ್ವಾಡಿ ತುಂಬ ಬರದು, ತಲಿ ಕೆಡಿಸ್ಕೊಂಡು ಹುಡುಕಿದ ಸಂಖ್ಯಾ ಇದು. ಓದಾಕ ಬರಿಯಾಕ ಬಾರದಾಕಿ, ಈ ಗ್ವಾಡಿ ನೋಡಾಕ ಕಣ್ಣಿಲ್ಲದಾಕಿ, ನಮ್ಮ ಅಮ್ಮ ಇದನ್ನ ದಡ್ಯಾಗ ಹಿಡ್ಕೊಂಡು ಕುಂತಾಳ್ರಿ! ನೇಯದ ಇದ್ದಾಕಿಗೆ ಇದು ಹೆಂಗ ಗೊತ್ತಾಗ್ತೈತಿ?”

ದುಂಡೇಶ ಗೋಡೆ ನೋಡಿದ. ಮೊಬೈಲು ತೆಗೆದು ತಾನೇ ಗುಣಿಸಿದ. ಮತ್ತೊಮ್ಮೆ ಗುಣಿಸಿದ.

“ಅಮ್ಮಾ, ಇಷ್ಟು ವರ್ಷ ಇದನ್ಯಾಕ ಹೇಳಲಿಲ್ಲ?” ಸುಲ್ತಾನಾ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

“ಎಲ್ಲಾರೂ ಹೂವಿಂದ ಕೇಳಿದ್ರಿ,” ಅಂದಳು ಮಾಬುಬಿ. “ದಡಿ ಬಗ್ಗೆ ಯಾರ ಕೇಳಿದ್ರಿ?”

ಎಡದ ದಡಿಗೆ ಮುದುಕಿಯ ಮೂವತ್ತೊಂದು ಬರಕತ್ ಎಳೆ ಸರಿದು ಕೂತವು. ಬಲಕ್ಕೆ ಮೂವತ್ತೆರಡು ಬೇಕು, ಕೆಂಪು ರೇಷ್ಮೆ ಮುಗಿದಿದೆ. ಶಾರವ್ವ ಎದ್ದು ಹೋಗಿ, ತನ್ನ ಮನೆಯಿಂದ ಹಸಿರು ರೇಷ್ಮೆಯ ಕಂಡಿಕೆ ತಂದು ಮಗ್ಗದ ಮೇಲೆ ಕುಕ್ಕಿದಳು. “ತಗೋ, ನನ್ನ ಲಾಭ. ಎಣಿಸಿ ಮೂವತ್ತೆರಡು. ಆಮ್ಯಾಲೆ ಶಾರವ್ವನ ಕಟ್ಟಿನ್ಯಾಗ ಬರಕತ್ ಇದ್ದಿದ್ದಿಲ್ಲ ಅನಬ್ಯಾಡ.” ಹಾಗಾಗಿ ಆ ಖಣದ ಎಡ ದಡಿ ಕೆಂಪು, ಬಲ ದಡಿ ಹಸಿರು.

ಹತ್ತು ದಿನ, ಹತ್ತು ಸಾಲು. ಇಂಥ ಹೂವನ್ನು ಕಡ್ಡಿಯಿಂದ ಎಳೆ ಎತ್ತಿ ಎತ್ತಿಯೇ ನೇಯಬೇಕು. ಏಳನೇ ಸಾಲಿನ ದಿನ ಓಣಿಯ ಅರ್ಧ ಜನ ಕಿಟಕಿಯಲ್ಲಿದ್ದರು. ಮುನ್ನೂರ ಐವತ್ತೊಂಬತ್ತು ಹೂವು ಮುಗಿದವು. ಸುಲ್ತಾನಾ ಉಳಿದ ಎಳೆ ಎಣಿಸಿದಳು. ಏಳು! ಅದರಾಚೆ ಹಸಿರು ದಡಿ. ಕಿಟಕಿಯಲ್ಲಿ ಯಾರೋ ಸೀಟಿ ಹೊಡೆದರು.

ಬಾಗಲಕೋಟೆಯ ಪ್ರದರ್ಶನದಲ್ಲಿ ಖಣ ನಟ್ಟನಡುವೆ ಇತ್ತು. ಪಕ್ಕದ ಕುರ್ಚಿಯಲ್ಲಿ ಮಾಬುಬಿ. ಇಳಕಲ್ಲಿನವರೂ ತಮ್ಮ ಮೇಜು ಬಿಟ್ಟು ಬಂದು ದಡಿ ಎಣಿಸಿದರು. ಸಂಜೆಯ ಗದ್ದಲದಲ್ಲಿ ಕಾಲೇಜಿನ ಮಾಸ್ತರರೊಬ್ಬರು ಕನ್ನಡಕ ಏರಿಸಿ ಹತ್ತೂ ಸಾಲನ್ನು ತುದಿಯಿಂದ ತುದಿಗೆ ನೋಡಿ, “ಒಂದೂ ಅರ್ಧ ಹೂವು ಇಲ್ಲ! ನಂಬೋದ್ ಹೆಂಗ್ರಿ ಇದನ್ನ?” ಅಂದರು.

“ನಂಬ್ರಿ ಸರ್,” ಅಂದ ದುಂಡೇಶ. ಅವನ ಎದೆ ಉಬ್ಬಿತ್ತು. “ಇದು ಮಾಬುಬಿ ಹತ್ತು ಹೂವು. ಸುಳ್ಳ ಇರಾಕ ಸಾಧ್ಯನ ಇಲ್ಲ.”

ಕುರ್ಚಿಯಲ್ಲಿದ್ದ ಮುದುಕಿ ಕತ್ತು ತಿರುಗಿಸಿದಳು. “ಏನಂದ್ಯೋ ದುಂಡೇಶ?”

ದುಂಡೇಶ ನಾಚಿ ತಲೆ ಕೆರೆದುಕೊಂಡ. “ಮಾಬುಬಿ ಹತ್ತು ಹೂವು ಅಂದೆ, ಆಯಿ. ಖರೇ ಅಂದೆ.”

ಅವಳ ಕಿವಿ ಇಪ್ಪತ್ತರದ್ದು, ಮೊದಲ ಸಲವೇ ಕೇಳಿಸಿತ್ತು ಅನ್ನುವುದು ಸುಲ್ತಾನಾಳಿಗೆ ಗೊತ್ತು.

“ನನಗ ಕಿವಿ ಮಂದ ಆಗ್ಯಾವಪಾ,” ಅಂದಳು ಮಾಬುಬಿ. “ಇನ್ನೊಮ್ಮೆ ಅನ್ನು. ನಮ್ಮ ಓಣಿ ತನಕ ಕೇಳೂವಂಗ ಅನ್ನು.”